941 ಬಂದರೆ ನಂಬಿ, 998 ಬಂದರೆ ಅನುಮಾನಪಡಿ: ಲ್ಯಾನ್ ಸಿಮ್ಯುಲೇಶನ್ ಮತ್ತು ಅಳತೆ

ಗಿಗಾಬಿಟ್ ಲ್ಯಾನ್‌ನಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಟಿಸಿಪಿ (ತಲುಪಿದ್ದನ್ನು ಖಚಿತಪಡಿಸಿಕೊಳ್ಳುತ್ತಾ ಡೇಟಾ ಕಳಿಸುವ ವಿಧಾನ) ಮೂಲಕ ಸೆಕೆಂಡಿಗೆ ಹೆಚ್ಚೆಂದರೆ ಎಷ್ಟು ಡೇಟಾ ಕಳಿಸಬಹುದು? 941 ಮೆಗಾಬಿಟ್. ಇದನ್ನು ತಿಳಿಯಲು ಸಿಮ್ಯುಲೇಟರ್ ಬೇಡ, ಅಳೆಯುವ ಸಾಫ್ಟ್‌ವೇರೂ ಬೇಡ. ಕಾಗದ, ಪೆನ್ನು ಸಾಕು. ಎನ್‌ಎಸ್3 ಎಂಬ ನೆಟ್‌ವರ್ಕ್ ಸಿಮ್ಯುಲೇಟರ್ ಓಡಿಸಿ ಗ್ರಾಫ್ ತೆಗೆಯುವವರಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಈ ಒಂದು ಲೆಕ್ಕವನ್ನೇ. ಆಮೇಲೆ ಪರದೆ ಮೇಲೆ ಬಂದ ಅಂಕಿಯನ್ನೆಲ್ಲ ನಂಬಬೇಕಾಗುತ್ತದೆ.

ಲೆಕ್ಕ ಹೀಗೆ. ಲ್ಯಾನ್ ತಂತಿಯ ಮೇಲೆ ಡೇಟಾ ಹೋಗುವ ಕಂತಾದ ಈಥರ್ನೆಟ್ ಫ್ರೇಮಿನ ಹೊಟ್ಟೆಯಲ್ಲಿ ಹಿಡಿಯುವುದು 1500 ಬೈಟ್. ಅದರಲ್ಲಿ ಐಪಿ ಹೆಡರ್‌ಗೆ 20, ಟಿಸಿಪಿ ಹೆಡರ್‌ಗೆ 20, ಟಿಸಿಪಿ ಟೈಮ್‌ಸ್ಟ್ಯಾಂಪ್‌ಗೆ 12 ಹೋದರೆ ನಿಜವಾದ ಡೇಟಾಕ್ಕೆ ಉಳಿಯುವುದು 1448. ಹೊರಗಡೆ ಈಥರ್ನೆಟ್ ಹೆಡರ್ 14, ಕೊನೆಯಲ್ಲಿ ದೋಷ ಪತ್ತೆಯ ಸಿಆರ್‌ಸಿ 4, ಮುಂಚೂಣಿಯ ಪ್ರಿಆಂಬಲ್ 8, ಎರಡು ಫ್ರೇಮುಗಳ ನಡುವೆ ಬಿಡಲೇಬೇಕಾದ ಖಾಲಿ ಜಾಗ 12. ಒಟ್ಟು 38. ಅಂದರೆ ತಂತಿಯ ಮೇಲೆ 1538 ಬೈಟ್‌ನಷ್ಟು ಹೊತ್ತು ಕಳೆದಾಗ ನಮ್ಮ ಕೈಗೆ ಬರುವುದು 1448. ಭಾಗಿಸಿ: 94.15 ಶೇಕಡ. ತಲುಪಿತೇ ಎಂದು ನೋಡದೆ ಕಳಿಸುವ ಯುಡಿಪಿ ಆದರೆ 1472 ಭಾಗಿಸು 1538, ಅಂದರೆ 957 ಮೆಗಾಬಿಟ್. 100 ಎಂಬಿಪಿಎಸ್ ಲಿಂಕಿನಲ್ಲಿ ಟಿಸಿಪಿಗೆ 94.1. ಜಂಬೊ ಫ್ರೇಮ್ 9000 ಬೈಟ್ ಇಟ್ಟರೆ 8948 ಭಾಗಿಸು 9038, ಸುಮಾರು 990. ಇದೇ ಲೆಕ್ಕದಿಂದ ಒಂದು ಪೂರ್ತಿ ಫ್ರೇಮು ಗಿಗಾಬಿಟ್ ತಂತಿಗೆ ಇಳಿಯಲು 12.3 ಮೈಕ್ರೊಸೆಕೆಂಡ್ ಬೇಕೆಂದೂ, ಸೆಕೆಂಡಿಗೆ 81,274 ಫ್ರೇಮು ಹಿಡಿಯುತ್ತವೆಂದೂ ಸಿಗುತ್ತದೆ. ಈ ಎರಡು ಅಂಕಿ ಮುಂದೆ ಹಲವು ಕಡೆ ಬೇಕಾಗುತ್ತವೆ.

ಈಗ ಎನ್‌ಎಸ್3ಯಲ್ಲಿ ಎರಡು ನೋಡ್ ಇಟ್ಟು, ನಡುವೆ 1 ಜಿಬಿಪಿಎಸ್ ಪಾಯಿಂಟ್ ಟು ಪಾಯಿಂಟ್ ಲಿಂಕ್ ಕಟ್ಟಿ, ಆದಷ್ಟೂ ಡೇಟಾ ಕಳಿಸುತ್ತಲೇ ಇರುವ ಬಲ್ಕ್‌ಸೆಂಡ್ ಅಪ್ಲಿಕೇಶನ್ ಓಡಿಸಿ. ಸೆಗ್ಮೆಂಟ್ ಸೈಜ್ (ಒಂದು ಪ್ಯಾಕೆಟ್‌ನಲ್ಲಿ ಹೋಗುವ ಡೇಟಾ) 1448 ಕೊಟ್ಟು, ಲಿಂಕಿನ ವಿಳಂಬ ಬಹಳ ಕಡಿಮೆ ಇಟ್ಟರೆ ತಲುಪಿದ ಡೇಟಾ ಸುಮಾರು 964 ಮೆಗಾಬಿಟ್ ತೋರಿಸುತ್ತದೆ. ಎನ್‌ಎಸ್3ಯದೇ ಅಳತೆ ಸಾಧನವಾದ ಫ್ಲೋಮಾನಿಟರ್ ಕೇಳಿದರೆ 998 ಎನ್ನುತ್ತದೆ. ಲಿಂಕ್ ಒಂದೇ, ಓಟವೂ ಒಂದೇ, ಉತ್ತರ ಮಾತ್ರ ಬೇರೆ ಬೇರೆ. ಯಾವುದೂ 941 ಅಲ್ಲ. ತಪ್ಪು ಯಾರದ್ದೂ ಅಲ್ಲ. ಆ ಪಾಯಿಂಟ್ ಟು ಪಾಯಿಂಟ್ ಮಾದರಿ ಈಥರ್ನೆಟ್ಟೇ ಅಲ್ಲ. ಅದು ಫ್ರೇಮಿಗೆ ಹಚ್ಚುವುದು ಪಿಪಿಪಿ ಎಂಬ ಬೇರೆ ಬಗೆಯ ಹೆಡರಿನ 2 ಬೈಟ್ ಮಾತ್ರ. 1448 ಭಾಗಿಸು 1502 ಅಂದರೆ 96.4 ಶೇಕಡ. ಫ್ಲೋಮಾನಿಟರ್ ಎಣಿಸುವುದು ಐಪಿ ಮಟ್ಟದಲ್ಲಿ, ಹೆಡರ್‌ಗಳನ್ನೂ ಸೇರಿಸಿ. ಹಾಗಾಗಿ ಅದರ ಲೆಕ್ಕ 1500 ಭಾಗಿಸು 1502. ನಿಜವಾದ ಲ್ಯಾನ್‌ಗೆ ಹೋಲಿಸಬೇಕಿದ್ದರೆ ಲಿಂಕಿನ ವೇಗವನ್ನೇ 1502 ಭಾಗಿಸು 1538ರಷ್ಟಕ್ಕೆ, ಅಂದರೆ ಸುಮಾರು 976.6 ಎಂಬಿಪಿಎಸ್‌ಗೆ ಇಳಿಸಿಬಿಡುವುದು ಸುಲಭದ ದಾರಿ. ಫ್ರೇಮುಗಳೆಲ್ಲ ದೊಡ್ಡವಿದ್ದಾಗ ಮಾತ್ರ ಈ ತಿದ್ದುಪಡಿ ಸರಿ. ಸಣ್ಣ ಫ್ರೇಮುಗಳಲ್ಲಿ ಕಾಣೆಯಾದ 36 ಬೈಟ್‌ನ ಪಾಲು ತುಂಬ ದೊಡ್ಡದು.

ಸೆಗ್ಮೆಂಟ್ ಸೈಜ್ ಕೊಡುವುದನ್ನು ಮರೆತರೆ? ಎನ್‌ಎಸ್3ಯ ಡೀಫಾಲ್ಟ್ 536 ಬೈಟ್. ಆಗ 536 ಭಾಗಿಸು 590, ಗಿಗಾಬಿಟ್‌ನಲ್ಲಿ 908. ಸಾಕೆಟ್ ಬಫರ್‌ನ ಡೀಫಾಲ್ಟ್ 131072 ಬೈಟ್, ಕಳಿಸುವ ಕಡೆಗೂ ಪಡೆಯುವ ಕಡೆಗೂ. ಇದು ಹೋಗಿಬರುವ ಸಮಯದ ಜೊತೆ ಸೇರಿ ವೇಗಕ್ಕೆ ಮಿತಿ ಹಾಕುತ್ತದೆ: ಒಂದು ಸುತ್ತಿಗೆ 10,48,576 ಬಿಟ್, ಅಷ್ಟೇ. ಲಿಂಕಿನ ವಿಳಂಬ 10 ಮಿಲಿಸೆಕೆಂಡ್ ಎಂದು ಬರೆದಿದ್ದರೆ ಹೋಗಿಬರಲು 20 ಬೇಕು. ಗಿಗಾಬಿಟ್ ಲಿಂಕಿನಲ್ಲಿ ಸಿಗುವುದು 52 ಎಂಬಿಪಿಎಸ್. ಇದನ್ನು ನೋಡಿ ಟಿಸಿಪಿಯ ವೇಗ ನಿಯಂತ್ರಣ ವಿಧಾನಗಳಲ್ಲಿ ರೆನೊ ಚೆನ್ನಾಗಿಲ್ಲ, ಕ್ಯೂಬಿಕ್ ಚೆನ್ನಾಗಿದೆ ಎಂದು ತೀರ್ಮಾನ ಬರೆಯುವವರಿದ್ದಾರೆ. ಎರಡನ್ನೂ ಬಫರ್ ಕಟ್ಟಿಹಾಕಿರುವಾಗ ಅವುಗಳ ನಡುವೆ ಹೋಲಿಕೆ ಎಲ್ಲಿಂದ ಬರಬೇಕು?

ಅಂದಹಾಗೆ, ಲ್ಯಾನ್ ಲಿಂಕಿಗೆ 10 ಮಿಲಿಸೆಕೆಂಡ್ ವಿಳಂಬ ಎಂಬುದೇ ವಿಚಿತ್ರ. ತಾಮ್ರದ ತಂತಿಯಲ್ಲಿ ಸಂಕೇತ ಒಂದು ಮೀಟರ್ ಸಾಗಲು ಸುಮಾರು 5 ನ್ಯಾನೊಸೆಕೆಂಡ್ ಸಾಕು. 10 ಮಿಲಿಸೆಕೆಂಡ್ ಎಂದರೆ 2,000 ಕಿಲೋಮೀಟರ್, ಬೆಂಗಳೂರಿನಿಂದ ದೆಹಲಿಯನ್ನೂ ದಾಟಿ ಹೋಗುವಷ್ಟು ಕೇಬಲ್. ಕ್ಯಾಟ್ 5ಇ ಕೇಬಲಿನ ಮಿತಿಯಾದ 100 ಮೀಟರಿಗೆ ಹಾಕಬೇಕಾದ್ದು ಅರ್ಧ ಮೈಕ್ರೊಸೆಕೆಂಡ್. ಲ್ಯಾಬ್ ಮ್ಯಾನುಯಲ್‌ಗಳಿಂದ ಲ್ಯಾಬ್ ಮ್ಯಾನುಯಲ್‌ಗಳಿಗೆ ನಕಲಾಗುತ್ತಾ ಬಂದ ಅಂಕಿ ಇದು, ಯಾರೂ ಪ್ರಶ್ನಿಸುವುದಿಲ್ಲ.

ವಿಟಿಯು ಓದಿದವರಿಗೆ ಕಂಪ್ಯೂಟರ್ ನೆಟ್‌ವರ್ಕ್ ಲ್ಯಾಬಿನ ಆ ಪ್ರೋಗ್ರಾಂ ನೆನಪಿರಬೇಕು: ಮೂರು ನೋಡ್ ಇಡಿ, ಡ್ಯೂಪ್ಲೆಕ್ಸ್ ಲಿಂಕ್ ಹಾಕಿ, ಕ್ಯೂ (ಪ್ಯಾಕೆಟ್ ಕಾಯುವ ಸಾಲು) ಸೈಜ್ ಕೊಡಿ, ಬ್ಯಾಂಡ್‌ವಿಡ್ತ್ ಬದಲಿಸುತ್ತಾ ಎಷ್ಟು ಪ್ಯಾಕೆಟ್ ಬಿದ್ದುಹೋಯಿತು ಎಂದು ಹೇಳಿ. ಈ ಪ್ರೋಗ್ರಾಮಿನ ಉತ್ತರವನ್ನೂ ಓಡಿಸುವ ಮೊದಲೇ ಬರೆದಿಡಬಹುದು. ಮೊದಲ ಲಿಂಕ್ 100, ಎರಡನೆಯದು 10 ಎಂಬಿಪಿಎಸ್ ಇರಲಿ. ಮೊದಲ ನೋಡ್ 1000 ಬೈಟ್ ಪ್ಯಾಕೆಟ್‌ಗಳನ್ನು ಯುಡಿಪಿ ಮೇಲೆ 20 ಎಂಬಿಪಿಎಸ್ ಸ್ಥಿರ ದರದಲ್ಲಿ 10 ಸೆಕೆಂಡ್ ಕಳಿಸಲಿ. ಹೆಡರ್ ಲೆಕ್ಕ ಬಿಟ್ಟರೆ ಒಳಬರುವುದು ಸೆಕೆಂಡಿಗೆ 2,500 ಪ್ಯಾಕೆಟ್, ಹೊರಹೋಗುವುದು 1,250. ಒಟ್ಟು 25,000 ಬಂದು 12,500 ಹೋಯಿತು. ಕ್ಯೂ 50 ಇದ್ದರೆ ಬಿದ್ದವು ಸುಮಾರು 12,450. ಕ್ಯೂ 10 ಇದ್ದರೆ 12,490. ಕ್ಯೂ ಐದು ಪಟ್ಟು ಮಾಡಿದರೂ ನಷ್ಟದಲ್ಲಿ 40 ಪ್ಯಾಕೆಟ್‌ನ ವ್ಯತ್ಯಾಸ! ತುಂಬಿದ ಡ್ರಮ್ಮಿಗೆ ನಲ್ಲಿ ಬಿಟ್ಟಂತೆ. ಡ್ರಮ್ ಎಷ್ಟೇ ದೊಡ್ಡದಿರಲಿ, ತುಂಬಿದ ಮೇಲೆ ಸುರಿದದ್ದೆಲ್ಲ ಹೊರಕ್ಕೇ. ಬದಲಾಗುವುದು ವಿಳಂಬ. 10 ಎಂಬಿಪಿಎಸ್‌ನಲ್ಲಿ 1000 ಬೈಟ್‌ಗೆ 0.8 ಮಿಲಿಸೆಕೆಂಡ್, ಕ್ಯೂ 10 ಇದ್ದಾಗ 8 ಮಿಲಿಸೆಕೆಂಡ್ ಕಾಯುತ್ತಿದ್ದ ಪ್ಯಾಕೆಟ್, ಕ್ಯೂ 50 ಆದಾಗ 40 ಮಿಲಿಸೆಕೆಂಡ್ ಕಾಯುತ್ತದೆ. ವೈವಾದಲ್ಲಿ ಕೇಳಬೇಕಾದ ಪ್ರಶ್ನೆ ಇದು. ಕ್ಯೂ ಸೈಜಿನ ಗುಣ ನಿಜವಾಗಿ ಕಾಣಬೇಕಿದ್ದರೆ ಸ್ಥಿರ ದರ ಬಿಟ್ಟು, ಬಿಟ್ಟು ಬಿಟ್ಟು ಬರುವ ಟ್ರಾಫಿಕ್ ಕೊಡಬೇಕು, ಇಲ್ಲವೇ ಟಿಸಿಪಿ ಓಡಿಸಬೇಕು.

ಇದೇ ಪ್ರೋಗ್ರಾಮನ್ನು ಹಳೆಯ ಸಿಮ್ಯುಲೇಟರ್ ಎನ್‌ಎಸ್2ರಿಂದ ಎನ್‌ಎಸ್3ಗೆ ತಂದವರಿಗೆ ಇನ್ನೊಂದು ಗುಂಡಿ ಕಾದಿರುತ್ತದೆ. ಡಿವೈಸ್‌ನ ಕ್ಯೂಗೆ ಬಿದ್ದ ಪ್ಯಾಕೆಟ್ ಎಣಿಸುವ ಡ್ರಾಪ್ ಟ್ರೇಸ್ ಕಟ್ಟಿ ನೋಡಿದರೆ ಸೊನ್ನೆ. ಕಾರಣ, ಐಪಿ ವಿಳಾಸ ಹಂಚುವಾಗಲೇ ಎನ್‌ಎಸ್3 ಡಿವೈಸ್ ಮೇಲೆ ಎಫ್‌ಕ್ಯೂ-ಕೊಡೆಲ್ ಎಂಬ ಇನ್ನೊಂದು ಸಾಲನ್ನು ತಾನಾಗಿ ಕೂರಿಸಿಬಿಡುತ್ತದೆ, ಅದರ ಅಳತೆ 10,240 ಪ್ಯಾಕೆಟ್. ಡಿವೈಸ್ ಕ್ಯೂ ತುಂಬಿದಾಗ ಅದು ಮೇಲಿನ ಸಾಲನ್ನು ತಡೆದು ನಿಲ್ಲಿಸುತ್ತದೆ, ಏನನ್ನೂ ಬೀಳಿಸುವುದಿಲ್ಲ. ಮೇಲಿನ ಸಾಲು ಹಿಗ್ಗುತ್ತಾ ಹೋಗುತ್ತದೆ. ಹೆಚ್ಚು ಹೊತ್ತು ಕಾದ ಪ್ಯಾಕೆಟ್‌ಗಳನ್ನು ಕೊಡೆಲ್ ನಿಧಾನಕ್ಕೆ ಬೀಳಿಸಲು ಶುರುಮಾಡಿದರೂ ಈ ಸ್ಥಿರ ಯುಡಿಪಿಗೆ ಅದರಿಂದ ಏನೂ ಅನ್ನಿಸುವುದಿಲ್ಲ. ವಿಳಾಸ ಹಂಚಿದ ಮೇಲೆ ಟ್ರಾಫಿಕ್ ಕಂಟ್ರೋಲ್ ಹೆಲ್ಪರ್‌ನಿಂದ ಅನ್‌ಇನ್‌ಸ್ಟಾಲ್ ಕರೆದರೆ ಹಳೆಯ ಲೆಕ್ಕಕ್ಕೆ ಬರುತ್ತದೆ. ಫ್ಲೋಮಾನಿಟರ್‌ನ ‘ಲಾಸ್ಟ್ ಪ್ಯಾಕೆಟ್ಸ್’ ಕೂಡ ಹುಷಾರು: ತನ್ನ ಕಣ್ಣಿಗೆ ಬಿದ್ದ ಡ್ರಾಪ್‌ಗಳನ್ನು ಬಿಟ್ಟರೆ, 10 ಸೆಕೆಂಡ್ ಸುದ್ದಿಯಿಲ್ಲದ ಪ್ಯಾಕೆಟನ್ನಷ್ಟೇ ಅದು ಕಳೆದುಹೋಯಿತೆಂದು ಬರೆದುಕೊಳ್ಳುತ್ತದೆ. 10 ಸೆಕೆಂಡಿನ ಸಿಮ್ಯುಲೇಶನ್‌ನಲ್ಲಿ ಅದು ಕಡಿಮೆ ತೋರಿಸಿದರೆ ಆಶ್ಚರ್ಯವಿಲ್ಲ. ಕಳಿಸಿದ್ದರಲ್ಲಿ ತಲುಪಿದ್ದನ್ನು ಕಳೆದು ನೀವೇ ನೋಡಿ.

ಇನ್ನೂ ಎರಡು ಡೀಫಾಲ್ಟ್‌ಗಳು. ಆನ್‌ಆಫ್ ಅಪ್ಲಿಕೇಶನ್ನಿಗೆ ದರ ಕೊಡದಿದ್ದರೆ 500 ಕೆಬಿಪಿಎಸ್. ಅದೂ ಒಂದು ಸೆಕೆಂಡ್ ಕಳಿಸಿ ಒಂದು ಸೆಕೆಂಡ್ ಸುಮ್ಮನಿರುತ್ತದೆ, ಹಾಗಾಗಿ ಸರಾಸರಿ 250. ಎನ್‌ಎಸ್2ರಲ್ಲಿ ಟಿಸಿಪಿಯ ವಿಂಡೋ (ತಲುಪಿತೆಂಬ ಉತ್ತರ ಬರುವ ಮೊದಲು ಕಳಿಸಬಹುದಾದಷ್ಟು) 20 ಪ್ಯಾಕೆಟ್, ಪ್ಯಾಕೆಟ್ 1000 ಬೈಟ್; ಹೋಗಿಬರಲು 100 ಮಿಲಿಸೆಕೆಂಡ್ ಇದ್ದರೆ ಲಿಂಕ್ ಎಷ್ಟೇ ಅಗಲವಿರಲಿ 1.6 ಎಂಬಿಪಿಎಸ್ ದಾಟುವುದಿಲ್ಲ.

ಹತ್ತು ಸಲ ಓಡಿಸಿದೆ, ಹತ್ತೂ ಸಲ ಅದೇ ಅಂಕಿ ಬಂತು, ಫಲಿತಾಂಶ ಬಹಳ ಸ್ಥಿರ ಎಂದು ಬರೆಯುವುದೂ ಉಂಟು. ಎನ್‌ಎಸ್3ಯ ಯಾದೃಚ್ಛಿಕ ಸಂಖ್ಯೆಗಳ ಬೀಜ ಡೀಫಾಲ್ಟ್ ಆಗಿ ಒಂದೇ. ನೂರು ಸಲ ಓಡಿಸಿದರೂ ಅದೇ ಬರಬೇಕು. ಪ್ರತಿ ಓಟಕ್ಕೆ ಆರ್‌ಎನ್‌ಜಿ-ರನ್ ಸಂಖ್ಯೆ ಬದಲಿಸಿ, ಆರಂಭದಲ್ಲಿ ಟಿಸಿಪಿ ವೇಗ ಏರಿಸುತ್ತಿರುವ ಸ್ಲೋ ಸ್ಟಾರ್ಟ್ ಭಾಗವನ್ನು ಲೆಕ್ಕದಿಂದ ಬಿಟ್ಟು, ಸರಾಸರಿಯ ಜೊತೆ ಅದರ ಆಚೀಚಿನ ಅಂತರವನ್ನೂ ಕೊಡಿ. ಹತ್ತು ಓಟಗಳಾದರೆ ಸ್ಟ್ಯಾಂಡರ್ಡ್ ಡೀವಿಯೇಶನ್ನನ್ನು 10ರ ವರ್ಗಮೂಲದಿಂದ ಭಾಗಿಸಿ 2.26ರಿಂದ ಗುಣಿಸಿದರೆ 95 ಶೇಕಡ ವಿಶ್ವಾಸದ ಅಂತರ.

ಹಲವು ಯಂತ್ರಗಳು ಒಂದೇ ತಂತಿ ಹಂಚಿಕೊಳ್ಳುವ ಸಿಎಸ್‌ಎಂಎ ಮಾದರಿಯ ಬಗ್ಗೆಯೂ ಒಂದು ಮಾತು. ಪಠ್ಯಪುಸ್ತಕದಲ್ಲಿ ಈಥರ್ನೆಟ್ ಎಂದರೆ ಡಿಕ್ಕಿ, ಹಿಂದೆ ಸರಿಯುವುದು, ಮತ್ತೆ ಪ್ರಯತ್ನ. ಎನ್‌ಎಸ್3ಯ ಸಿಎಸ್‌ಎಂಎ ಚಾನೆಲ್‌ನಲ್ಲಿ ಡಿಕ್ಕಿಯೇ ಆಗುವುದಿಲ್ಲ. ತಂತಿ ಖಾಲಿಯಿದೆಯೋ ಇಲ್ಲವೋ ಎಂಬುದು ಅಲ್ಲಿ ಎಲ್ಲರಿಗೂ ಆ ಕ್ಷಣವೇ ಗೊತ್ತು. ಇಂದಿನ ಆಫೀಸಿನ ಸ್ವಿಚ್ ಲ್ಯಾನ್‌ನಲ್ಲೂ ಡಿಕ್ಕಿಯಿಲ್ಲ, ಆದರೆ ಕಾರಣ ಬೇರೆ: ಪ್ರತಿ ಪೋರ್ಟೂ ಫುಲ್ ಡ್ಯೂಪ್ಲೆಕ್ಸ್, ಹೋಗುವ ದಾರಿ ಬರುವ ದಾರಿ ಬೇರೆ. ಸಿಎಸ್‌ಎಂಎ ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಬ್ಬರಿಗೇ ಜಾಗ, ಹಾಗಾಗಿ ಟಿಸಿಪಿಯ ಡೇಟಾ ಮತ್ತು ಅದು ತಲುಪಿತೆಂದು ಹೇಳುವ ಎಸಿಕೆ ಕೂಡ ಒಂದೇ ದಾರಿಗೆ ಕಚ್ಚಾಡುತ್ತವೆ. ಇಂದಿನ ಲ್ಯಾನ್ ಬೇಕಿದ್ದರೆ ನಡುವೆ ಒಂದು ಸ್ವಿಚ್ ನೋಡ್ ಇಟ್ಟು ಪ್ರತಿ ಕಂಪ್ಯೂಟರಿಗೂ ಬೇರೆ ಲಿಂಕ್ ಕೊಡಿ.

ಹಳೆಯ ಹಂಚಿಕೆಯ ಕೇಬಲಿನ ಕಾಲದಲ್ಲೂ ಲೆಕ್ಕಕ್ಕೂ ಅಳತೆಗೂ ಜಗಳವಿತ್ತು. ಈಥರ್ನೆಟ್ ರೂಪಿಸಿದ ಮೆಟ್‌ಕಾಫ್ ಮತ್ತು ಬಾಗ್ಸ್ 1976ರಲ್ಲಿ ಕೊಟ್ಟ ಸರಳ ಸೂತ್ರದಲ್ಲಿ, ಫ್ರೇಮು ಒಂದು ಸ್ಲಾಟಿನಷ್ಟು (ಡಿಕ್ಕಿ ಪತ್ತೆಗೆ ಬೇಕಾದ ಹೊತ್ತಿನಷ್ಟು) ಚಿಕ್ಕದಿದ್ದು ನಿಲ್ದಾಣಗಳು ಬಹಳವಿದ್ದರೆ ದಕ್ಷತೆ 37 ಶೇಕಡಕ್ಕೆ ಇಳಿಯುತ್ತದೆ. ಆ ‘ದ್ದರೆ’ಗಳು ಉದುರಿಹೋಗಿ, ಈಥರ್ನೆಟ್ 37 ಶೇಕಡಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂಬ ಮಾತಷ್ಟೇ ಉಳಿಯಿತು. 1988ರಲ್ಲಿ ಅದೇ ಬಾಗ್ಸ್, ಮೊಗಲ್ ಮತ್ತು ಕೆಂಟ್ ಜೊತೆ ಸೇರಿ ನಿಜವಾದ 10 ಎಂಬಿಪಿಎಸ್ ಕೇಬಲಿಗೆ ಯಂತ್ರಗಳನ್ನು ಕಟ್ಟಿ ಅಳೆದು, ದೊಡ್ಡ ಫ್ರೇಮುಗಳಲ್ಲಿ ಕೇಬಲಿನ ಬಹುಪಾಲು ಬಳಕೆಗೆ ಸಿಗುತ್ತದೆಂದು ತೋರಿಸಿದರು.

ಸಿಮ್ಯುಲೇಟರಿಗೂ ನಿಜವಾದ ಲ್ಯಾನ್‌ಗೂ ನಡುವೆ ಎಮ್ಯುಲೇಶನ್ ಇದೆ. ಒಂದೇ ಲಿನಕ್ಸ್ ಯಂತ್ರದಲ್ಲಿ ಬೇರೆ ಬೇರೆ ಯಂತ್ರಗಳಂತೆ ವರ್ತಿಸುವ ನೆಟ್‌ವರ್ಕ್ ನೇಮ್‌ಸ್ಪೇಸ್‌ಗಳು, ಅವನ್ನು ಕೂಡಿಸುವ ಕಾಲ್ಪನಿಕ ತಂತಿಗಳಾದ ವೀಥ್ ಜೋಡಿಗಳು. ಬೇಡವೆಂದರೆ ಈ ಕೆಲಸವನ್ನೆಲ್ಲ ಮಿನಿನೆಟ್ ಮಾಡಿಕೊಡುತ್ತದೆ. ನಿಜವಾದ ಕರ್ನಲ್, ನಿಜವಾದ ಟಿಸಿಪಿ. ತಂತಿ ಮಾತ್ರ ಇಲ್ಲ. ವೀಥ್ ಮೇಲೆ ವೇಗ ಅಳೆಯುವ ಐಪರ್ಫ್3 ಅನ್ನು ನೇರ ಓಡಿಸಿದರೆ ಹತ್ತಾರು ಗಿಗಾಬಿಟ್ ಬರುತ್ತದೆ. ಅದು ಸಿಪಿಯುವಿನ ಅಳತೆ. ಮಿನಿನೆಟ್‌ನಲ್ಲಿ ವೇಗಕ್ಕೆ ಮಿತಿ ಹಾಕುವ ಟಿಸಿಲಿಂಕ್ ಹಾಕಿ 100 ಎಂಬಿಪಿಎಸ್ ಕೊಟ್ಟರೆ 94.1 ಅಲ್ಲ, ಸುಮಾರು 95.6 ಬರಬೇಕು, ಏಕೆಂದರೆ ದರ ಕಟ್ಟುವ ಎಚ್‌ಟಿಬಿ ಎಣಿಸುವುದು 1514 ಬೈಟ್, ಪ್ರಿಆಂಬಲ್ ಮತ್ತು ಖಾಲಿ ಜಾಗ ಅದಕ್ಕೆ ಕಾಣುವುದಿಲ್ಲ. ಲಿಂಕಿಗೆ 5 ಮಿಲಿಸೆಕೆಂಡ್ ಕೊಟ್ಟು ಕಂಪ್ಯೂಟರ್, ಸ್ವಿಚ್, ಕಂಪ್ಯೂಟರ್ ಎಂದು ಜೋಡಿಸಿದರೆ ಪಿಂಗ್ 20 ತೋರಿಸಬೇಕು: ಎರಡು ಲಿಂಕ್, ಎರಡು ದಿಕ್ಕು. ಮೊದಲ ಪಿಂಗ್ ಯಾವಾಗಲೂ ಹೆಚ್ಚು, ವಿಳಾಸ ಹುಡುಕುವ ಎಆರ್‌ಪಿ ಮತ್ತು ಸ್ವಿಚ್ಚಿಗೆ ಕಂಟ್ರೋಲರ್ ನಿಯಮ ಹಾಕುವ ಹೊತ್ತು ಅದಕ್ಕೆ ಸೇರುತ್ತದೆ; ಅದನ್ನು ಬಿಡಿ.

ಲಿನಕ್ಸ್‌ನ ನೆಟೆಮ್‌ನಿಂದ ಬೇಕೆಂದೇ ವಿಳಂಬ, ನಷ್ಟ ಸೇರಿಸುವವರು ನಾಲ್ಕು ವಿಷಯ ಗಮನದಲ್ಲಿಡಬೇಕು. ಅದು ಹೊರಹೋಗುವ ದಿಕ್ಕಿಗಷ್ಟೇ ಅನ್ವಯಿಸುತ್ತದೆ. ಅದರ ಸಾಲಿನ ಡೀಫಾಲ್ಟ್ ಮಿತಿ 1000 ಪ್ಯಾಕೆಟ್. ಗಿಗಾಬಿಟ್‌ನಲ್ಲಿ ಅಷ್ಟು ಪ್ಯಾಕೆಟ್ ಎಂದರೆ 12.3 ಮಿಲಿಸೆಕೆಂಡ್, ಅದಕ್ಕಿಂತ ಹೆಚ್ಚು ವಿಳಂಬ ಕೇಳಿದರೆ ನೀವು ಕೇಳದ ನಷ್ಟವೂ ಬರುತ್ತದೆ, ಹಾಗಾಗಿ ಲಿಮಿಟ್ ಏರಿಸಿ. ಜಿಟರ್ (ವಿಳಂಬದ ಏರುಪೇರು) ಕೊಟ್ಟರೆ ಪ್ಯಾಕೆಟ್‌ಗಳು ಹಿಂದುಮುಂದಾಗುತ್ತವೆ, ಟಿಸಿಪಿ ಅದನ್ನು ನಷ್ಟವೆಂದು ಭಾವಿಸಬಹುದು. ಕೊನೆಯದು ಎಲ್ಲಕ್ಕಿಂತ ಕಪಟಿ: ಹಲವು ಫ್ರೇಮುಗಳ ಡೇಟಾವನ್ನು ಒಂದೇ ಗಂಟಾಗಿ ಸಾಗಿಸುವ ಟಿಎಸ್‌ಒ, ಜಿಎಸ್‌ಒ ಚಾಲೂ ಇದ್ದರೆ ನೆಟೆಮ್‌ಗೆ ಕಾಣುವ ‘ಪ್ಯಾಕೆಟ್’ 64 ಕಿಲೋಬೈಟ್‌ವರೆಗೂ ಇರಬಹುದು. 1 ಶೇಕಡ ನಷ್ಟ ಎಂದು ನೀವು ಬರೆದದ್ದು ನಲವತ್ತಕ್ಕೂ ಹೆಚ್ಚು ಫ್ರೇಮುಗಳ ಗಂಟನ್ನೇ ಒಮ್ಮೆಗೆ ಎಸೆಯುತ್ತದೆ. ಈಥ್‌ಟೂಲ್ ಆಜ್ಞೆಯಿಂದ ಟಿಎಸ್‌ಒ, ಜಿಎಸ್‌ಒ, ಪಡೆಯುವ ಕಡೆಯ ಜಿಆರ್‌ಒ ಮೂರನ್ನೂ ಆರಿಸಿ. ನೆಟೆಮ್ ಅನ್ನು ಕಳಿಸುವ ಯಂತ್ರದಲ್ಲೇ ಹಾಕದೆ, ನಡುವೆ ಇನ್ನೊಂದು ನೇಮ್‌ಸ್ಪೇಸ್ ಇಟ್ಟು ಅಲ್ಲಿ ಹಾಕಿ. ಕಳಿಸುವ ಕಡೆಯ ಟಿಸಿಪಿ ತನ್ನ ಸ್ಥಳೀಯ ಸಾಲನ್ನು ತಾನೇ ನಿಯಂತ್ರಿಸುವುದರಿಂದ ಫಲಿತಾಂಶ ಕೆಡುತ್ತದೆ.

ಸಿಸ್ಕೊ ಪ್ಯಾಕೆಟ್ ಟ್ರೇಸರ್‌ನಲ್ಲಿ ವೇಗ ಅಳೆಯಲು ಹೋಗಬೇಡಿ, ಅದು ಕಾನ್ಫಿಗರೇಶನ್ ಕಲಿಯಲು ಮಾಡಿದ್ದು. ಬೆಂಗಳೂರಿನ ಟೆಟ್‌ಕಾಸ್ ಕಂಪನಿಯ ನೆಟ್‌ಸಿಮ್, ಮತ್ತೆ ಓಮ್‌ನೆಟ್ ಪ್ಲಸ್ ಪ್ಲಸ್, ಎರಡೂ ಈ ಕೆಲಸಕ್ಕೆ ಆಗುತ್ತವೆ. ಮೇಲಿನ ಕಾಗದದ ಲೆಕ್ಕ ಅಲ್ಲೂ ತಪ್ಪುವುದಿಲ್ಲ.

ಇನ್ನು ನಿಜವಾದ ತಂತಿ. ಎರಡು ಲಿನಕ್ಸ್ ಯಂತ್ರ ತನ್ನಿ. ಮೊದಲು ಎರಡನ್ನೂ ಒಂದು ಒಳ್ಳೆಯ ಚಿಕ್ಕ ಕೇಬಲಿನಿಂದ ನೇರ ಜೋಡಿಸಿ ಅಳೆಯಿರಿ. 941 ಬಾರದಿದ್ದರೆ ತೊಂದರೆ ಯಂತ್ರದಲ್ಲೇ ಇದೆ, ಸ್ವಿಚ್ಚನ್ನು ಬೈಯುವ ಮೊದಲು ಅದನ್ನು ಸರಿಮಾಡಿ. ಆಮೇಲೆ ನಡುವೆ ಸ್ವಿಚ್ ಇಡಿ, ಆಮೇಲೆ ಗೋಡೆಯ ಪಾಯಿಂಟುಗಳಿಗೆ ಹೋಗಿ. ಒಂದು ಯಂತ್ರದಲ್ಲಿ ಐಪರ್ಫ್3 ಸರ್ವರ್, ಇನ್ನೊಂದರಲ್ಲಿ ಕ್ಲೈಂಟ್, ಕನಿಷ್ಠ 30 ಸೆಕೆಂಡ್, ಮೊದಲ 3 ಸೆಕೆಂಡನ್ನು ಓಮಿಟ್ ಆಯ್ಕೆಯಿಂದ ಕೈಬಿಡಿ. ರಿವರ್ಸ್ ಆಯ್ಕೆ ಹಾಕಿ ಎದುರು ದಿಕ್ಕನ್ನೂ ಅಳೆಯಿರಿ. ಒಂದೇ ದಿಕ್ಕು ನೋಡಿ ಬಿಡುವವರೇ ಹೆಚ್ಚು. ಮತ್ತೆ ಕಳಿಸಿದ್ದನ್ನು ಎಣಿಸುವ ರೀಟ್ರಾನ್ಸ್‌ಮಿಟ್ ಕಾಲಮ್ಮನ್ನು ವೇಗದಷ್ಟೇ ಗಮನಿಸಿ. ಯುಡಿಪಿ ಅಳೆದಾಗ 1 ಎಂಬಿಪಿಎಸ್ ಬಂತೆಂದು ಗಾಬರಿಯಾಗಬೇಡಿ, ದರ ಕೊಡದಿದ್ದರೆ ಐಪರ್ಫ್3 ಅಷ್ಟನ್ನೇ ಕಳಿಸುತ್ತದೆ. 10 ಗಿಗಾಬಿಟ್ ಅಳೆಯುವವರು 3.16 ಅಥವಾ ಅದರ ನಂತರದ ಆವೃತ್ತಿ ಬಳಸಿ. ಹಿಂದಿನವುಗಳಲ್ಲಿ ಎಷ್ಟು ಸ್ಟ್ರೀಮ್ ಕೇಳಿದರೂ ಎಲ್ಲವೂ ಒಂದೇ ಥ್ರೆಡ್‌ನಲ್ಲಿ ಓಡುತ್ತಿದ್ದವು.

ಬಂದ ಅಂಕಿಯೇ ರೋಗ ಹೇಳುತ್ತದೆ. ನಿಖರವಾಗಿ 94 ಬಂದರೆ ಲಿಂಕ್ 100ಕ್ಕೆ ಇಳಿದಿದೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು. 100ಕ್ಕೆ 1, 2, 3, 6ನೇ ಪಿನ್ ಸಾಕು. ನೀಲಿ ಅಥವಾ ಕಂದು ಜೋಡಿಯ ಒಂದು ಎಳೆ ಕನೆಕ್ಟರಿನಲ್ಲಿ ಸರಿಯಾಗಿ ಕೂತಿಲ್ಲದಿದ್ದರೆ ಹಲವು ಕಾರ್ಡ್‌ಗಳು ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ. ಅಂಕಿ 300, 500 ಎಂದು ಕುಣಿಯುತ್ತಾ ರೀಟ್ರಾನ್ಸ್‌ಮಿಟ್ ಏರುತ್ತಿದ್ದರೆ ಈಥ್‌ಟೂಲ್‌ನಲ್ಲಿ, ಸ್ವಿಚ್ಚಿನಲ್ಲಿ ಸಿಆರ್‌ಸಿ ಎಣಿಕೆ ನೋಡಿ. ಏರುತ್ತಿದೆಯೇ? ಕೇಬಲ್. ಪಿಂಗ್ ಚೆನ್ನಾಗಿದ್ದು ಫೈಲ್ ಕಾಪಿ ಮಾತ್ರ ತೆವಳುತ್ತಿದ್ದರೆ, ಒಂದು ದಿಕ್ಕಿಗೂ ಇನ್ನೊಂದಕ್ಕೂ ಅಜಗಜಾಂತರವಿದ್ದರೆ, ಡ್ಯೂಪ್ಲೆಕ್ಸ್ ಹೊಂದಿಲ್ಲ: ಒಂದು ಕಡೆ ಯಾರೋ 100 ಫುಲ್ ಎಂದು ಕಟ್ಟಿಹಾಕಿದ್ದಾರೆ, ಆಟೊದಲ್ಲಿರುವ ಇನ್ನೊಂದು ಕಡೆ ಹಾಫ್‌ಗೆ ಇಳಿದಿದೆ. ಎರಡೂ ಕಡೆ ಆಟೊ ಇಡಿ.

ಕೇಬಲ್ ಟೆಸ್ಟರ್‌ನಲ್ಲಿ ಎಂಟೂ ದೀಪ ಹತ್ತಿತು, ಆದರೂ ವೇಗವಿಲ್ಲ ಎಂಬ ದೂರು ಬಹಳ. ಅಗ್ಗದ ಟೆಸ್ಟರ್ ನೋಡುವುದು ತಂತಿ ಈ ತುದಿಯಿಂದ ಆ ತುದಿಗೆ ತಲುಪಿದೆಯೇ ಎಂದಷ್ಟೇ. ಬಣ್ಣಗಳನ್ನು ಜೋಡಿಜೋಡಿಯಾಗಿ 1-2, 3-4, 5-6, 7-8 ಎಂದು ಎರಡೂ ತುದಿಯಲ್ಲಿ ಒಂದೇ ಥರ ಕ್ರಿಂಪ್ ಮಾಡಿದರೂ ಅದು ಪಾಸ್. ಆದರೆ 3 ಮತ್ತು 6 ಒಂದೇ ತಿರುಚಿದ ಜೋಡಿಯಲ್ಲಿ ಇರಬೇಕಾದವು. ಹೀಗೆ ಮಾಡಿದಾಗ ಅವು ಬೇರೆ ಬೇರೆ ಜೋಡಿಗೆ ಹೋಗಿ ಒಂದರ ಸಂಕೇತ ಇನ್ನೊಂದಕ್ಕೆ ಸೋರುತ್ತದೆ. ಕಿತ್ತಳೆಯ ಎರಡು, ಹಸಿರು-ಬಿಳಿ, ನೀಲಿಯ ಎರಡು, ಹಸಿರು, ಕಂದಿನ ಎರಡು: 568ಬಿ ಕ್ರಮ ಬಿಡಬೇಡಿ. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಕೇಬಲ್ ಕೊಳ್ಳುವಾಗ ಸಿಸಿಎ ಅಲ್ಲ ತಾನೇ ಎಂದು ಕೇಳಿ, ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಅದರ ರೋಧ ತಾಮ್ರದ ಒಂದೂವರೆ ಪಟ್ಟು, ಉದ್ದ ಹೆಚ್ಚಿದಂತೆ ಇದೇ ಕೇಬಲಿನಿಂದ ವಿದ್ಯುತ್ ಪಡೆಯುವ ಪಿಒಇ ಕ್ಯಾಮೆರಾಗಳೂ ತಂಟೆ ಮಾಡುತ್ತವೆ.

ವಿಳಂಬವನ್ನು ಖಾಲಿ ಲ್ಯಾನ್‌ನಲ್ಲಿ ಅಳೆದು ಪ್ರಯೋಜನವಿಲ್ಲ. ಒಂದು ಕಿಟಕಿಯಲ್ಲಿ ಐಪರ್ಫ್3 ಓಡುತ್ತಿರುವಾಗ ಇನ್ನೊಂದರಲ್ಲಿ ಪಿಂಗ್ ಹಾಕಿ. ಗಿಗಾಬಿಟ್‌ನಿಂದ ಬಂದದ್ದು 100 ಎಂಬಿಪಿಎಸ್ ಪೋರ್ಟಿನಲ್ಲಿ ಹೊರಹೋಗಬೇಕಾದ ಕಡೆ ಸ್ವಿಚ್ಚಿನ ಬಫರ್ ತುಂಬುತ್ತದೆ. 512 ಕಿಲೋಬೈಟ್ ಬಫರ್ 100 ಎಂಬಿಪಿಎಸ್‌ನಲ್ಲಿ ಖಾಲಿಯಾಗಲು 42 ಮಿಲಿಸೆಕೆಂಡ್. ಒಂದೇ ಒಂದು ಹಳೆಯ ಪೋರ್ಟಿನಿಂದ ಐಪಿ ಫೋನಿನ ಮಾತು ತುಂಡಾಗಲು ಇಂಥದ್ದೇ ಕಾರಣ. ಸಾಲು ದಾಟಲು ಬೇಕಾದ ಹೊತ್ತು ಹೇಳುವ ಎಂಎಂ1 ಸೂತ್ರ ಗಿಗಾಬಿಟ್ ಲಿಂಕಿನ 90 ಶೇಕಡ ಬಳಕೆಯಲ್ಲಿ 12.3ರ ಹತ್ತು ಪಟ್ಟು, 123 ಮೈಕ್ರೊಸೆಕೆಂಡ್ ಎನ್ನುತ್ತದೆ. ನಿಜವಾದ ಲ್ಯಾನ್ ಟ್ರಾಫಿಕ್ ಆ ಸೂತ್ರ ಬಯಸುವಷ್ಟು ಸಾಧು ಅಲ್ಲ. ಅಮೆರಿಕದ ಬೆಲ್‌ಕೋರ್ ಸಂಶೋಧನಾ ಸಂಸ್ಥೆಯಲ್ಲಿ 1989ರಿಂದ 1992ರವರೆಗೆ ಹಿಡಿದ ಈಥರ್ನೆಟ್ ದಾಖಲೆಗಳಲ್ಲಿ, ಮಿಲಿಸೆಕೆಂಡಿನಲ್ಲಿ ನೋಡಿದರೂ ನಿಮಿಷಗಳಲ್ಲಿ ನೋಡಿದರೂ ಅದೇ ಏರಿಳಿತ ಕಂಡಿತ್ತು. ಆ ಸೂತ್ರ ಬಯಸುವ ಪಾಯ್ಸಾನ್ ಟ್ರಾಫಿಕ್ (ಒಂದಕ್ಕೊಂದು ಸಂಬಂಧವಿಲ್ಲದೆ ಬರುವ ಪ್ಯಾಕೆಟ್‌ಗಳು) ಕೊಟ್ಟ ಸಿಮ್ಯುಲೇಶನ್ ಕ್ಯೂ ಉದ್ದವನ್ನು ಕಡಿಮೆ ತೋರಿಸುವುದು ಇದರಿಂದ.

ಸ್ವಿಚ್ಚನ್ನೇ ಪರೀಕ್ಷಿಸಬೇಕಿದ್ದರೆ 1999ರ ಆರ್‌ಎಫ್‌ಸಿ 2544 ಎಂಬ ಪರೀಕ್ಷಾ ದಾಖಲೆಯ ಕ್ರಮ ಹಿಡಿಯಿರಿ: 64ರಿಂದ 1518 ಬೈಟ್‌ವರೆಗೆ ಏಳು ಅಳತೆಯ ಫ್ರೇಮು, ಪ್ರತಿ ಓಟ 60 ಸೆಕೆಂಡ್, ಒಂದು ಫ್ರೇಮೂ ಬೀಳದ ಗರಿಷ್ಠ ದರವೇ ಥ್ರೂಪುಟ್. 64 ಬೈಟ್‌ಗೆ ಗಿಗಾಬಿಟ್‌ನಲ್ಲಿ ಸೆಕೆಂಡಿಗೆ 14,88,095 ಫ್ರೇಮು ಬೇಕು; ಅದು ಐಪರ್ಫ್‌ನ ಕೈಲಾಗದ ಕೆಲಸ, ಪ್ಯಾಕೆಟ್ ಸುರಿಸಲೆಂದೇ ಇರುವ ಪಿಕೆಟಿಜೆನ್ ಅಥವಾ ಟಿರೆಕ್ಸ್ ಬೇಕು. ವಿಳಾಸಗಳಿಗೆ 198.18.0.0/15 ವಲಯ ಇದಕ್ಕೆಂದೇ ಮೀಸಲಿದೆ.

ದಿನವಿಡೀ ನಿಗಾ ಇಡುವವರು ಸ್ವಿಚ್ಚಿನ ಎಣಿಕೆಗಳನ್ನು ದೂರದಿಂದ ಓದುವ ಎಸ್‌ಎನ್‌ಎಂಪಿಯಿಂದ 5 ನಿಮಿಷಕ್ಕೊಮ್ಮೆ ಬೈಟ್ ಎಣಿಕೆ ಎಳೆಯುತ್ತಾರೆ. ಹಳೆಯ 32 ಬಿಟ್ ಎಣಿಕೆ ಗಿಗಾಬಿಟ್ ಪೂರ್ತಿ ಓಡುವಾಗ 34.4 ಸೆಕೆಂಡಿಗೊಮ್ಮೆ ಸುತ್ತಿ ಸೊನ್ನೆಗೆ ಬರುತ್ತದೆ; 5 ನಿಮಿಷದಲ್ಲಿ ಎಂಟು ಸಲ ಸುತ್ತಿದ್ದು ಯಾರಿಗೂ ತಿಳಿಯದೆ ಗ್ರಾಫ್ ತಣ್ಣಗೆ ಕಾಣುತ್ತದೆ. ಹೆಸರಿನಲ್ಲಿ ಎಚ್‌ಸಿ ಇರುವ 64 ಬಿಟ್ ಎಣಿಕೆಗಳನ್ನೇ ಓದಿ. ಅದಾದ ಮೇಲೂ 5 ನಿಮಿಷದ 20 ಶೇಕಡ ಎಂದರೆ ಪೂರ್ತಿ ಒಂದು ನಿಮಿಷ ಲಿಂಕ್ ಕಿಕ್ಕಿರಿದು ನಾಲ್ಕು ನಿಮಿಷ ಖಾಲಿ ಇದ್ದಿರಲೂಬಹುದು. ಬಿದ್ದ ಪ್ಯಾಕೆಟ್‌ಗಳ ಎಣಿಕೆಯನ್ನು ಅದೇ ಗ್ರಾಫಿನ ಕೆಳಗೆ ಹಾಕಿಕೊಂಡರೆ ಎರಡರಲ್ಲಿ ಯಾವುದೆಂದು ಗೊತ್ತಾಗುತ್ತದೆ.